ಒರಳು ಮುಂದಕ್ಕೆ

ಇಪ್ಪತ್ತೊಂಬತ್ತು ವರ್ಷ ಹಾಲಿನ ವ್ಯಾನು ಓಡಿಸಿದರು ಇವರು.
ಬೆಳಗಿನ ಜಾವ ಮೂರೂವರೆಗೆ ಹುತ್ತೂರು, ಸುಗಟೂರು, ವೇಮಗಲ್ಲು,
ಅದೇ ಗುಂಡಿ, ಅದೇ ತಿರುವು, ಅದೇ ನಾಯಿ.
(ನಾಯಿ ಮೂರು ತಲೆಮಾರು ಬದಲಾಯಿತು,
ಬೊಗಳಿದ್ದು ಮಾತ್ರ ಅದೇ.)
ಲೆಕ್ಕ ಹಾಕಿದರೆ ಭೂಮಿಗೆ ಹದಿನೈದು ಸುತ್ತು.
ಒಂದು ಸಲವೂ ನಂಗಲಿ ದಾಟಿದವರಲ್ಲ.

ನಿವೃತ್ತಿಯಾದ ತಿಂಗಳೇ ಗುಜರಿಗೆ ಬಿದ್ದ ವ್ಯಾನಿನ ಡಬ್ಬ
ಹರಾಜಿನಲ್ಲಿ ಕೂಗಿ ತಂದರು.
ಟಮಕದ ನೂರುಲ್ಲಾ ಶೆಡ್ಡಿನಲ್ಲಿ
ಅದಕ್ಕೆ ಅಚ್ಚು, ಎರಡು ಗಾಲಿ, ಒಂದು ಕಿಟಕಿ,
ಮಲಗೋಕೆ ಎರಡು ಹಲಗೆ.
ಹಳೇ ಪಿಕಪ್ಪಿನ ಹಿಂದೆ ಒಂದು ಕಬ್ಬಿಣದ ಗುಂಡು,
ಗುಂಡಿನ ಮೇಲೆ ಕೊಂಡಿ, ಕೊಂಡಿಗೆ ಸರಪಣಿ.
ಮೂರು ಕೋಟು ಬಣ್ಣ ಹೊಡೆದರೂ
ಹಾಲಿನ ವಾಸನೆ ಹೋಗಲಿಲ್ಲ.

ಒಣಗಿದ ಕೆರೆಯಂಗಳದಲ್ಲಿ ರಿವರ್ಸ್ ಕಲಿತೆವು.
ಹಿಂದಿನದು ಬಲಕ್ಕೆ ಹೋಗಬೇಕಾದರೆ
ಸ್ಟೇರಿಂಗು ಎಡಕ್ಕೆ ತಿರುಗಿಸಬೇಕು.
ಇವರಿಗೆ ಅದು ತಲೆಗೆ ಹತ್ತಲೇ ಇಲ್ಲ.
ನೇರ ಮನುಷ್ಯ. ಸಿಟ್ಟು ಬಂದರೆ ತೆಲುಗಿಗೆ ಇಳೀತಾರೆ,
ಅವತ್ತು ಸಂಜೆತನಕ ತೆಲುಗಲ್ಲೇ ಇದ್ದರು.
ನಾನು ಎರಡೇ ದಿನಕ್ಕೆ ಕಲಿತೆ.
ಅತ್ತೆಯ ಹತ್ತಿರ ಮೊಸರು ಬೇಕಾದಾಗ
ಮಜ್ಜಿಗೆ ಕೇಳಿ ಬದುಕಿದವಳು ನಾನು.

ಜಗಳ ಬಂದಿದ್ದು ಒರಳುಕಲ್ಲಿಗೆ.
'ಮಿಕ್ಸಿ ಐತಲ್ಲ' ಅಂದರು.
'ಕರೆಂಟು ಎಲ್ಲೈತೆ' ಅಂದೆ.
'ಇದನ್ನ ಹೊತ್ಕೊಂಡು ಕಾಶಿಗೆ ಹೋಗ್ತೀಯಾ?'
'ನಾನೇನು ಹೊರೋದು, ಗಾಡಿ ಹೊರುತ್ತೆ.'
ಇವರು ಸ್ನಾನಕ್ಕೆ ಹೋದಾಗ
ಪಕ್ಕದ ಮನೆ ಚಿನ್ನಪ್ಪಯ್ಯನ ಮಗನನ್ನು ಕರೆದು
ಹಿಂಬದಿ ಹಲಗೆಯಡಿ ಉರುಳಿಸಿ
ಮೇಲೆ ರಾಗಿ ಹಿಟ್ಟಿನ ಚೀಲ ಒತ್ತಿದೆ.

ಮುಳಬಾಗಿಲು ಕಳೆದು ಇಳಿಜಾರು.
ಪಕ್ಕದಲ್ಲಿ ಲಾರಿಯೊಂದು ಬುಸ್ಸೆಂದು ದಾಟಿತು, ಅಷ್ಟೇ.
ಹಿಂದಿನ ಡಬ್ಬ ಒಂದು ಸಲ ಎಡಕ್ಕೆ,
ಒಂದು ಸಲ ಬಲಕ್ಕೆ,
ಆಮೇಲೆ ಇನ್ನೂ ಜೋರಾಗಿ ಎಡಕ್ಕೆ.
ನಾವು ಎಳೀತಿದ್ದದ್ದು ಈಗ ನಮ್ಮನ್ನು ಎಳೀತಿತ್ತು.
ಇವರು ಬ್ರೇಕು ಮುಟ್ಟಲಿಲ್ಲ.
ಕಾಲು ಮೇಲೆತ್ತಿ, ಉಸಿರು ಹಿಡಿದು,
ಹಾಲು ಚೆಲ್ಲದ ಹಾಗೆ
ಹುಣಸೆಮರದ ಪಕ್ಕ ತಂದು ನಿಲ್ಲಿಸಿದರು.

ದಾಟಿದ ಲಾರಿಯೂ ಮುಂದೆ ನಿಂತಿತ್ತು.
ಇಳಿದು ಬಂದವನು ನೆಲ್ಲೂರಿನ ಪೆಂಚಲಯ್ಯ,
ಹಲ್ಲುಕಡ್ಡಿ ಕಚ್ಚಿಕೊಂಡೇ ಡಬ್ಬದ ಸುತ್ತ ನಡೆದ.
'ಬಾಲಕ್ಕೆ ಭಾರ ಜಾಸ್ತಿ. ಏನಿಟ್ಟಿದ್ದೀರಿ ಹಿಂದೆ?'

ಇವರು ನನ್ನ ಮುಖ ನೋಡಿದರು.
ನಾನು ಹುಣಸೆಮರ ನೋಡಿದೆ.

ಇಳಿಸಿ ಇಲ್ಲೇ ಬಿಡೋಣ ಅಂದರು ಇವರು.
'ಯಾಕೆ?' ಅಂದ ಪೆಂಚಲಯ್ಯ,
'ಮೂತಿಗೆ ಹಾಕಿ. ಮುಂದೆ ತೂಕ ಇಲ್ಲದೆ ಇದು ನಿಲ್ಲೋದಿಲ್ಲ.'
ಮೂವರೂ ಸೇರಿ ಒರಳನ್ನು ಮುಂದಕ್ಕೆ ತಳ್ಳಿದೆವು.
ಕೊಂಡಿ ಎರಡು ಬೆರಳಷ್ಟು ಕೂತಿತು.
ಆಮೇಲೆ ಎಂಥಾ ಲಾರಿ ದಾಟಿದರೂ
ಹಿಂದಿನದು ಹಸುವಿನ ಹಿಂದೆ ಕರು ಬಂದ ಹಾಗೆ ಬಂತು.

ಹತ್ತು ಕಿಲೋಮೀಟರು ಮಾತಿಲ್ಲ.
ಕೊನೆಗೆ, ರಸ್ತೆಯನ್ನೇ ನೋಡುತ್ತಾ:
'ಆ ಕಲ್ಲಿಗೊಂದು ಹಗ್ಗ ಬಿಗೀಬೇಕು,
ಉರುಳಬಾರದು.'
ನಲವತ್ತು ವರ್ಷದಲ್ಲಿ ಇವರು ಕೇಳಿದ ಕ್ಷಮೆಗಳಲ್ಲಿ
ಇದೇ ಉದ್ದದ್ದು.

ರಾತ್ರಿ ನಂಗಲಿಯಲ್ಲೇ, ಪೆಟ್ರೋಲ್ ಬಂಕಿನ ಹಿಂದೆ ತಂಗಿದೆವು.
ಮೂರೂವರೆಗೆ ಎದ್ದು ಕೂತರು. ಅಭ್ಯಾಸ.
ಹೋಗೋಕೆ ಊರಿಲ್ಲ, ಎತ್ತೋಕೆ ಕ್ಯಾನಿಲ್ಲ.
ಬಾಗಿಲು ತೆರೆದರೆ
ಐದು ಬೆಕ್ಕು.
ಡೇರಿ ಮುಂದೆ ಜನ ಕೂತ ಹಾಗೆ
ಸಾಲಾಗಿ, ವಾಸನೆ ಹಿಡಿದು ಬಂದು ಕೂತಿವೆ.
ಟೀಗೆ ಇಟ್ಟಿದ್ದ ಅರ್ಧ ಲೀಟರು
ತಟ್ಟೆಗೆ ಹುಯ್ದುಬಿಟ್ಟರು.
'ಲೇಟಾಯ್ತು' ಅಂದರು, ಬೆಕ್ಕುಗಳಿಗೆ.

ಬೆಳಕಾಗುವಷ್ಟರಲ್ಲಿ ನಮ್ಮ ಮುಂದೆ
ಟೊಮ್ಯಾಟೊ ಲಾರಿಗಳು ಅಡ್ಡ ನಿಂತಿದ್ದವು.
ಹಿಂದಕ್ಕೆ ತೆಗೆಯದೆ ದಾರಿಯಿಲ್ಲ.
ಕೀ ನನ್ನ ಕೈಗಿಟ್ಟು
ಇವರು ಹಿಂದೆ ಹೋಗಿ ನಿಂತರು.

ರೈಟ್, ರೈಟ್, ರೈಟ್...
ಕನ್ನಡಿಯಲ್ಲಿ ಇವರು, ಇವರ ಕಾಲ ಬಳಿ ಒಂದು ಬೆಕ್ಕು.
ಕೈ ಬಲಕ್ಕೆ ಬೀಸಿದರು.
ನಾನು ಎಡಕ್ಕೆ ತಿರುಗಿಸಿದೆ.